ಹಾಸಿಗೆ ನೋಡದೆ ಚಾಚಿದ ಕಾಲು

ಆಕಾಶದಲ್ಲಿ ರಾಜ್ಯ ಕಟ್ಟುವ ಕಂಪ್ಯೂಟರ್ ಆಟಗಳಿಗೆ ಇರುವಷ್ಟು ಬುದ್ಧಿ ನಮ್ಮ ಬೆಂಗಳೂರನ್ನು ಬೆಳೆಸುವವರಿಗೆ ಇಲ್ಲ. ಕೋಪದಲ್ಲಿ ಆಡಿದ ಮಾತೆಂದು ಇದನ್ನು ತಳ್ಳಿಹಾಕಬೇಡಿ. ಲೆಕ್ಕ ಮುಂದಿಟ್ಟುಕೊಂಡೇ ಹೇಳುತ್ತಿದ್ದೇನೆ.

ಈ ಆಟಗಳ ಪರಿಚಯ ನನಗಾದದ್ದು ರಜೆಗೆ ಬರುವ ಅಕ್ಕನ ಮಗನಿಂದ. ನಿಮ್ಮ ಮನೆಯ ಹುಡುಗರೂ ಆಡುತ್ತಿರಬಹುದು. 1993ರಲ್ಲಿ ಬಂದ ‘ಮಾಸ್ಟರ್ ಆಫ್ ಓರಿಯನ್’ ಈ ಬಗೆಯ ಆಟಗಳಲ್ಲಿ ಹಿರಿಯದು. 2016ರಲ್ಲಿ ಸ್ವೀಡನ್ನಿನ ಕಂಪನಿಯೊಂದು ಹೊರತಂದ ‘ಸ್ಟೆಲ್ಲಾರಿಸ್’ ಇವನಿಗೆ ಅಚ್ಚುಮೆಚ್ಚು. ಒಂದು ಗ್ರಹದಿಂದ ಶುರು ಮಾಡಬೇಕು, ಹಡಗು ಕಳಿಸಿ ಹೊಸ ಗ್ರಹಗಳಲ್ಲಿ ಕಾಲೊನಿ ಹೂಡಬೇಕು, ಸಾಮ್ರಾಜ್ಯ ಹಬ್ಬಿಸಬೇಕು. ನೋಡುವುದಕ್ಕೆ ಬರೀ ಹುಡುಗಾಟ. ಆದರೆ ಅದರೊಳಗಿನ ಕಟ್ಟುಪಾಡು ಕೇಳಿ.

ಕಾಲೊನಿ ಹೂಡುವ ಮೊದಲೇ ಆ ಗ್ರಹದ ವಾಸಯೋಗ್ಯತೆ ಶೇಕಡಾ ಎಷ್ಟೆಂದು ತೆರೆಯ ಮೇಲೆ ಕಾಣುತ್ತದೆ. ಅದು ಕಡಿಮೆ ಇದ್ದ ಕಡೆ ಹೋಗಿ ಕೂತರೆ ಜನರನ್ನು ಸಾಕುವ ಖರ್ಚು ಏರುತ್ತದೆ. ಹೊಸ ಕಾಲೊನಿ ಮೊದಮೊದಲು ಕೊಡುವುದಕ್ಕಿಂತ ತಿನ್ನುವುದೇ ಹೆಚ್ಚು. ಸಾಮ್ರಾಜ್ಯ ಹಿಗ್ಗಿದಂತೆಲ್ಲ ಹೊಸ ವಿದ್ಯೆ ಕಲಿಯುವುದೂ ದುಬಾರಿ. ಸೌಕರ್ಯ ಸಾಲದೆ ಹೋದರೆ ಜನ ಮುನಿಯುತ್ತಾರೆ, ಕೊನೆಗೆ ದಂಗೆಯನ್ನೂ ಏಳುತ್ತಾರೆ. ಬೊಕ್ಕಸ ನೋಡದೆ ಕಂಡ ಗ್ರಹಕ್ಕೆಲ್ಲ ಬಾವುಟ ನೆಟ್ಟವನು ಮುಗ್ಗರಿಸುತ್ತಾನೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಅಜ್ಜಿಯರು ಹೇಳಿದ್ದೂ ಇದನ್ನೇ ಅಲ್ಲವೇ?

ಈಗ ನಮ್ಮ ಪಶ್ಚಿಮ ಬೆಂಗಳೂರಿಗೆ ಬನ್ನಿ. ರಾಜಾಜಿನಗರ, ವಿಜಯನಗರ, ನಾನಿರುವ ಬಸವೇಶ್ವರನಗರ, ಎಲ್ಲವೂ ಒಂದು ಕಾಲದ ಹೊಲ, ತೋಪು, ಕೆರೆಯಂಗಳ. ಮೊದಲು 1945ರ ನಗರಾಭಿವೃದ್ಧಿ ಮಂಡಳಿ, 1976ರಿಂದೀಚೆಗೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಬಡಾವಣೆಯ ಮೇಲೆ ಬಡಾವಣೆ ಮಾಡುತ್ತಾ ಬಂದವು. ನಗರದ ಪಶ್ಚಿಮ ಭಾಗಕ್ಕೆ ಬಹುಕಾಲ ನೀರು ಕೊಟ್ಟದ್ದು ಮಾಗಡಿ ರಸ್ತೆಯ ಕಡೆಯ ತಿಪ್ಪಗೊಂಡನಹಳ್ಳಿ ಜಲಾಶಯ. 1933ರಲ್ಲಿ ಅರ್ಕಾವತಿಗೆ ಕಟ್ಟಿದ್ದು. ಆ ಹೊಳೆಗೆ ನೀರು ಹರಿದು ಬರುವ ದಾರಿಯಲ್ಲೇ ಊರು ಹಬ್ಬಿತು, ಕೊಳವೆ ಬಾವಿ ಕೊರೆಯಿತು, ಕೊಳಕು ಬಿಟ್ಟಿತು. 2012ರ ಹೊತ್ತಿಗೆ ಅಲ್ಲಿಂದ ನೀರೆತ್ತುವುದೇ ನಿಂತಿತು. ಬಸವನಗುಡಿಯಲ್ಲಿ ಹುಟ್ಟಿ ಮೈಸೂರು ರಸ್ತೆಯ ಪಕ್ಕದಲ್ಲೇ ಕೆಂಗೇರಿಗೆ ಹರಿಯುವ ವೃಷಭಾವತಿಯನ್ನು ಇಂದಿನ ಮಕ್ಕಳು ನದಿ ಎಂದು ನಂಬುವುದಿಲ್ಲ, ಮೋರಿ ಎನ್ನುತ್ತಾರೆ. ಮನೆಯ ಎರಡು ಕೊಡಗಳನ್ನು ಒಡೆದುಕೊಂಡು ನೂರು ಕಿಲೋಮೀಟರ್ ಆಚೆಯ ಕಾವೇರಿಯತ್ತ ಕೈಚಾಚಿದೆವು.

ಅಷ್ಟಾದರೂ ಬುದ್ಧಿ ಬಂತೇ? 2007ರಲ್ಲಿ ಸುತ್ತಲಿನ 110 ಹಳ್ಳಿಗಳನ್ನು ಮಹಾನಗರಕ್ಕೆ ಸೇರಿಸಿದರು. ಆ ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ಐದನೆಯ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಸೇರ್ಪಡೆಯ ವರ್ಷ ಹುಟ್ಟಿದ ಹೆಣ್ಣುಮಗು ಅಷ್ಟರಲ್ಲಿ ಪಿಯುಸಿಗೆ ಬಂದಿತ್ತು. ಕೆಂಗೇರಿಯಾಚೆ, ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವೆ ನಾಡಪ್ರಭು ಕೆಂಪೇಗೌಡ ಬಡಾವಣೆ ಇದೆ. ನಾಲ್ಕು ಸಾವಿರ ಎಕರೆಗೂ ಮಿಗಿಲಾದದ್ದು. ಅದರ ಅಧಿಸೂಚನೆ 2008ರಲ್ಲಿ, ನಿವೇಶನ ಹಂಚಿಕೆ ಶುರುವಾದದ್ದು 2016ರಲ್ಲಿ. ಹಣ ಕಟ್ಟಿದವರು ನೀರಿಲ್ಲ, ಚರಂಡಿಯಿಲ್ಲ, ದೀಪವಿಲ್ಲ ಎಂದು ಆಮೇಲೂ ವರ್ಷಗಟ್ಟಲೆ ಕೂಗುತ್ತಲೇ ಇದ್ದರು. ಕೆಂಪೇಗೌಡರ ಹೆಸರಿಟ್ಟರೆ ಸಾಕೇ? ಅವರು ಊರು ಕಟ್ಟುವಾಗ ಕೆರೆಯನ್ನೂ ಕಟ್ಟಿಸಿದ್ದರು.

ಜನ ಬರುತ್ತಲೇ ಇರುವಾಗ ಮನೆ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು. ಯಾರು ಬೇಡ ಎಂದರು? ಆದರೆ ನಾವು ಮಾಡುತ್ತಿರುವುದು ಮನೆಯಲ್ಲ, ಸೈಟು. ಕೊಂಡವರು ಮಗಳ ಮದುವೆಗಾಗಲಿ ಎಂದು ಹಾಗೇ ಬಿಡುತ್ತಾರೆ, ಪಾರ್ಥೇನಿಯಂ ಬೆಳೆಯುತ್ತದೆ. ಮೊದಲು ನೀರಿನ ಕೊಳಾಯಿ, ಆಮೇಲೆ ಚರಂಡಿ, ಕಡೆಗೆ ಸೈಟು. ಈ ಕ್ರಮ ತಪ್ಪಿದ್ದಕ್ಕೇ ನನ್ನ ತಕರಾರು.

ತಪ್ಪಿದ ಕ್ರಮದ ಬೆಲೆ ಯಾರು ತೆರುತ್ತಾರೆ? ಆಟದಲ್ಲಿ ಕಾಲೊನಿಯ ಖರ್ಚು ರಾಜನ ಬೊಕ್ಕಸದಿಂದ ಹೋಗುತ್ತದೆ. ಇಲ್ಲಿ ಅದು ಹೋಗುವುದು ಹೆಂಗಸರ ಬೆನ್ನಿನಿಂದ, ನಿದ್ದೆಯಿಂದ. ಬೆಳಗಿನ ಜಾವ ಎದ್ದು ಡ್ರಮ್ಮು ತುಂಬುವವಳು, ಅಕ್ಕಿ ತೊಳೆದ ನೀರನ್ನು ಗಿಡಕ್ಕೂ, ಬಟ್ಟೆ ಒಗೆದ ನೀರನ್ನು ಬಚ್ಚಲಿಗೂ ಎತ್ತಿಡುವವಳು, ಟ್ಯಾಂಕರಿನವನೊಂದಿಗೆ ಚೌಕಾಸಿ ಮಾಡುವವಳು ಅವಳು. 2024ರ ಬೇಸಿಗೆಯಲ್ಲಿ ನೀರಿನ ಹಾಹಾಕಾರ ಎದ್ದಾಗ ನನ್ನ ತರಗತಿಯ ಹೆಣ್ಣುಮಕ್ಕಳು ತಡವಾಗಿ ಬರುತ್ತಿದ್ದರು. ಕೇಳಿದರೆ, “ಟ್ಯಾಂಕರ್ ಬಂದಿತ್ತು ಮಿಸ್” ಎನ್ನುತ್ತಿದ್ದರು. ಅದೇ ಮನೆಯ ಅಣ್ಣತಮ್ಮಂದಿರು ಪ್ರಾರ್ಥನೆಗೆ ಸರಿಯಾಗಿ ಬಂದು ನಿಂತಿರುತ್ತಿದ್ದರು! ಸೌಕರ್ಯವಿಲ್ಲದ ನಮ್ಮ ಬಡಾವಣೆಗಳಲ್ಲಿ ದಂಗೆ ಏಳದೆ ಇರುವುದು ಆಳುವವರ ಜಾಣತನದಿಂದಲ್ಲ. ಅವರು ಬಿಟ್ಟ ತೂತನ್ನು ನಾವು ಬಿಂದಿಗೆ ಹಿಡಿದು ಮುಚ್ಚುತ್ತಾ ಬಂದಿದ್ದೇವೆ. ಅದನ್ನು ಹೊಂದಾಣಿಕೆ ಎಂದು ಹೊಗಳಿಸಿಕೊಂಡೂ ಇದ್ದೇವೆ.

ಒಂದು ಮಾತಿನಲ್ಲಿ ಮಾತ್ರ ಆಟವೂ ನಮ್ಮವರೂ ಜೋಡಿ. ಆಟದ ಹೆಚ್ಚಿನ ಗ್ರಹಗಳು ಖಾಲಿ. ಪ್ರಾಧಿಕಾರದ ನಕ್ಷೆಯಲ್ಲೂ ನಮ್ಮ ಹೊಲಗಳು ಖಾಲಿಯೇ. ಅಲ್ಲಿ ರಾಗಿ ಇತ್ತು, ಅವರೆ ಇತ್ತು, ಹಾಲು ಮಾರಿ ಮಕ್ಕಳನ್ನು ಓದಿಸಿದ ತಾಯಂದಿರಿದ್ದರು. ಪರಿಹಾರದ ಚೆಕ್ಕು ಗಂಡಸಿನ ಹೆಸರಿಗೆ ಬಂದರೆ, ಅದು ಖರ್ಚಾದ ಮೇಲೆ ಅದೇ ಬಡಾವಣೆಯಲ್ಲಿ ಪಾತ್ರೆ ತೊಳೆಯುವ ಕೆಲಸ ಆ ತಾಯಿಗೆ.

ಇದು ಬೆಂಗಳೂರಿನವರ ಗೋಳು ಎಂದು ತುಮಕೂರು, ಹಾಸನ, ದಾವಣಗೆರೆಯ ಸೋದರಿಯರು ಪುಟ ತಿರುವಬೇಡಿ. ನಿಮ್ಮೂರಿನ ಹೊರಗೂ ಬಣ್ಣದ ಕಲ್ಲು ನೆಟ್ಟ ಲೇಔಟುಗಳು ಎದ್ದಿವೆ. ಮನೆಯವರು ಸೈಟು ನೋಡಲು ಹೊರಟಾಗ ನೀವೂ ಹೋಗಿ. ಬಸ್ ನಿಲ್ದಾಣಕ್ಕೆ ಎಷ್ಟು ನಿಮಿಷ ಎಂದು ಅವರು ಕೇಳಲಿ. ನೀವು ಎರಡೇ ಪ್ರಶ್ನೆ ಕೇಳಿ: ನೀರು ಎಲ್ಲಿಂದ ಬರುತ್ತದೆ, ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ? ಕಾಗದದ ಮೇಲೆ ಉತ್ತರ ಸಿಗುವವರೆಗೆ ಮುಂಗಡಕ್ಕೆಂದು ಒಡವೆ ಬಿಚ್ಚಿಕೊಡಬೇಡಿ.