ಚೀಲ ತುಂಬಿದೆ, ಜಾಗ ಇಲ್ಲ

ಕಳೆದ ಸಲ ಗೇಮ್‌ಗಳಲ್ಲಿ ‘ಸೇವ್’ ಅನ್ನೋದು ಹೇಗೆ ನಡೆಯುತ್ತೆ ಅಂತ ಬರೆದಿದ್ದೆ. ಈ ಸಲ ಚೀಲದ ವಿಷಯ. ರೋಲ್ ಪ್ಲೇಯಿಂಗ್ ಗೇಮ್ ಅಂದರೆ ನಾವೇ ಒಂದು ಪಾತ್ರವಾಗಿ ಊರೂರು ಅಲೆದು, ಬಡಿದಾಡಿ, ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಎತ್ತಿಕೊಂಡು ಹೋಗುವ ಆಟ. ಎತ್ತಿಕೊಂಡಿದ್ದು ಎಲ್ಲಾದರೂ ಇರಬೇಕಲ್ಲ, ಆ ಜಾಗಕ್ಕೆ ಇನ್ವೆಂಟರಿ ಅಂತಾರೆ. ಬಟನ್ ಒತ್ತಿದರೆ ಪರದೆ ಮೇಲೆ ತೆರೆದುಕೊಳ್ಳುತ್ತೆ. ಔಷಧಿ, ಕತ್ತಿ, ಬೀಗದ ಕೈ, ಎಲ್ಲ ಸಾಲಾಗಿ ಕೂತಿರುತ್ತವೆ. ಆಡುವವರು ರಾಕ್ಷಸನ ಜೊತೆ ಹೊಡೆದಾಡೋದಕ್ಕಿಂತ ಹೆಚ್ಚು ಹೊತ್ತು ಈ ಪರದೆ ಮುಂದೆ ಕಳೀತಾರೆ ಅಂತ ನನ್ನ ಅನುಮಾನ. ಆದರೂ ಜಾಹೀರಾತಿನಲ್ಲಿ ಇದನ್ನು ಯಾರೂ ತೋರಿಸಲ್ಲ!

ಚೀಲಕ್ಕೆ ಮಿತಿ ಯಾಕೆ ಅನ್ನೋದು ಇಲ್ಲಿನ ಮುಖ್ಯ ಪ್ರಶ್ನೆ. ಕಂಪ್ಯೂಟರಿನೊಳಗಿನ ಚೀಲ ಬಟ್ಟೆಯದ್ದಲ್ಲ, ಹರಿಯಲ್ಲ, ಹೆಗಲು ನೋಯಲ್ಲ. ಹಾಗಿದ್ದ ಮೇಲೆ ‘ತುಂಬಿದೆ, ಜಾಗ ಇಲ್ಲ’ ಅಂತ ಅದು ಹೇಳೋದು ಯಾಕೆ?

ನಮ್ಮ ವಯಸ್ಸಿನವರು ಟಿವಿಯಲ್ಲಿ ಪೋಕೆಮಾನ್ ನೋಡಿಕೊಂಡು ಬೆಳೆದವರು. ಕಾರ್ಟೂನಿಗಿಂತ ಮುಂಚೆ ಅದು ಗೇಮ್. 1996ರಲ್ಲಿ ಜಪಾನಿನಲ್ಲಿ, 1998ರಲ್ಲಿ ‘ರೆಡ್’ ಮತ್ತು ‘ಬ್ಲೂ’ ಹೆಸರಿನಲ್ಲಿ ಅಮೆರಿಕದಲ್ಲಿ ಬಂತು. ಓಡುತ್ತಿದ್ದದ್ದು ನಿಂಟೆಂಡೊದ ಗೇಮ್ ಬಾಯ್ ಮೇಲೆ. ಅದರ ಕೆಲಸದ ಮೆಮೊರಿ 8 ಕಿಲೋಬೈಟ್. ಬೆಳಗ್ಗೆ ಎದ್ದರೆ ವಾಟ್ಸಾಪಿನಲ್ಲಿ ಬಂದು ಬೀಳುತ್ತಲ್ಲ, ಗುಲಾಬಿ ಹೂವಿನ ‘ಶುಭೋದಯ’ ಚಿತ್ರ, ಅದು ಈ 8 ಕಿಲೋಬೈಟಿನಲ್ಲಿ ಹಿಡಿಸೋದೇ ಇಲ್ಲ. ಇಷ್ಟರಲ್ಲಿ ಇಡೀ ಆಟದ ಲೆಕ್ಕಾಚಾರ ನಡೀಬೇಕಿತ್ತು.

ಹಾಗಾಗಿ ಚೀಲದಲ್ಲಿ 20 ಖಾನೆ. ಒಂದೊಂದು ಖಾನೆಗೆ ಎರಡೇ ಬೈಟು: ಮೊದಲನೆಯದು ‘ಇದು ಯಾವ ವಸ್ತು’, ಎರಡನೆಯದು ‘ಎಷ್ಟಿದೆ’. ಅದರಲ್ಲಿ ಔಷಧಿ ಅನ್ನೋ ಹೆಸರಿಲ್ಲ, ಚಿತ್ರ ಇಲ್ಲ, ಬರೀ ಒಂದು ನಂಬರು. ಹೆಸರು, ಬೆಲೆ, ಅದು ಏನು ಮಾಡುತ್ತೆ ಅನ್ನೋದೆಲ್ಲ ಬೇರೆ ಕಡೆ ಒಂದೇ ಸಲ ಬರೆದಿಟ್ಟಿರುತ್ತಾರೆ. ಚೀಲ ಅನ್ನೋದು ದಿನಸಿ ಅಂಗಡಿಯ ಚೀಟಿ ಇದ್ದ ಹಾಗೆ, ಸಾಮಾನು ಅದರೊಳಗೆ ಇರಲ್ಲ. 20 ಖಾನೆಗೆ 40 ಬೈಟು, ಎಷ್ಟು ಖಾನೆ ತುಂಬಿದೆ ಅನ್ನೋದಕ್ಕೆ ಮುಂದೊಂದು, ಇಲ್ಲಿಗೆ ಮುಗೀತು ಅನ್ನೋದಕ್ಕೆ ಹಿಂದೊಂದು. ಒಟ್ಟು 42 ಬೈಟು. ಒಂದು ಖಾನೆಯಲ್ಲಿ ಒಂದೇ ಜಾತಿಯದು 99ರವರೆಗೆ ಸೇರಿಸಬಹುದು, ನೂರನೆಯದು ಹೊಸ ಖಾನೆ ಕೇಳುತ್ತೆ.

ಆಡಿದವರಿಗೆ ಇದರ ಕಷ್ಟ ಗೊತ್ತು. ಸೈಕಲ್ಲಿಗೆ ಒಂದು ಖಾನೆ, ಮೀನಿನ ಗಾಳಕ್ಕೆ ಒಂದು, ಊರಿನ ನಕ್ಷೆಗೆ ಒಂದು. ಇವನ್ನು ಮಾರೋ ಹಾಗಿಲ್ಲ, ಎಸೆಯೋ ಹಾಗಿಲ್ಲ. ಗುಹೆಯ ಕೊನೆಯಲ್ಲಿ ಏನೋ ಸಿಗುತ್ತೆ, ‘ಇನ್ನು ಹಿಡಿಸಲ್ಲ’ ಅನ್ನುತ್ತೆ ಚೀಲ. ಆಗ ಊರಿಗೆ ವಾಪಸ್ ನಡೆದು ಅಲ್ಲಿನ ಕಂಪ್ಯೂಟರಿನಲ್ಲಿ ಸಾಮಾನು ಇಟ್ಟು ಬರಬೇಕು. ಅದರಲ್ಲಿ 50 ಖಾನೆ.

ಈ ಚೀಲದ ಒಂದು ಪವಾಡದ ಕಥೆ ಹೇಳಲೇಬೇಕು. ಆ ಕಾಲದ ಮಕ್ಕಳು ಒಂದು ಗುಟ್ಟು ಪತ್ತೆ ಮಾಡಿದ್ದರು. ಒಂದು ಊರಿನ ಮುದುಕನ ಹತ್ತಿರ ಪಾಠ ಹೇಳಿಸಿಕೊಂಡು, ಸೀದಾ ಒಂದು ದ್ವೀಪಕ್ಕೆ ಹೋಗಿ, ಅದರ ಕರಾವಳಿಯ ಪೂರ್ವದ ಅಂಚಿನಲ್ಲಿ ನೀರಿನ ಮೇಲೆ ಮೇಲಕ್ಕೂ ಕೆಳಕ್ಕೂ ಈಜಾಡಿದರೆ ಗುರುತೇ ಸಿಗದ ಒಂದು ವಿಚಿತ್ರ ಆಕಾರ ಎದುರಾಗುತ್ತಿತ್ತು. ಹೆಸರು ‘ಮಿಸ್ಸಿಂಗ್‌ನೋ’. ಅದನ್ನು ನೋಡಿ ಬಂದು ಚೀಲ ತೆಗೆದರೆ ಆರನೇ ಖಾನೆಯಲ್ಲಿ ಒಂದೇ ಇದ್ದ ವಸ್ತು 129 ಆಗಿರುತ್ತಿತ್ತು! ಹಾಗಾಗಿ ಮಕ್ಕಳು ಅತ್ಯಂತ ಬೆಲೆಬಾಳುವುದನ್ನು ಆರನೇ ಖಾನೆಗೆ ಸರಿಸಿಕೊಂಡೇ ಹೋಗುತ್ತಿದ್ದರು.

ಆರೇ ಯಾಕೆ, 128ನೇ ಯಾಕೆ ಕೂಡಬೇಕು ಅಂತ ಎಂಜಿನಿಯರಿಂಗ್ ಓದಿದ ಮೇಲೆ ಲೆಕ್ಕ ಹಾಕಿ ನೋಡಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಆಟದಲ್ಲಿ 151 ಪ್ರಾಣಿ. ಯಾವುದನ್ನು ನೋಡಿದ್ದೇವೆ ಅಂತ ಒಂದೊಂದಕ್ಕೂ ಒಂದು ಟಿಕ್ ಗುರುತು. ಒಂದು ಬೈಟಿಗೆ 8 ಗುರುತು ಹಿಡಿಸುತ್ತೆ, ಹಾಗಾಗಿ 19 ಬೈಟು ಬೇಕು. ಆ 19 ಬೈಟಿನ ಪಕ್ಕದ ಮನೆಯೇ ನಮ್ಮ ಚೀಲ. ಮಿಸ್ಸಿಂಗ್‌ನೋ ಅನ್ನೋದರ ನಂಬರು ಸೊನ್ನೆ. ಲೆಕ್ಕಕ್ಕಾಗಿ ಅದರಲ್ಲಿ ಒಂದು ಕಳೆದರೆ, ಒಂದೇ ಬೈಟಿನ ಪ್ರಪಂಚದಲ್ಲಿ ಮೈನಸ್ ಒಂದು ಅನ್ನೋದು ಇಲ್ಲದ ಕಾರಣ, ಅದು ತಿರುಗಿ 255 ಆಗುತ್ತೆ. ಸೊನ್ನೆಯಿಂದ ಎಣಿಸಿದರೆ 255ನೇ ಗುರುತು ಬೀಳೋದು 31ನೇ ಬೈಟಿನ ಕೊನೆಯ ಮನೆಯಲ್ಲಿ. ಗುರುತಿನ ಪಟ್ಟಿ 18ನೇ ಬೈಟಿಗೇ ಮುಗಿದಿರುತ್ತೆ. 19ನೆಯದು ಚೀಲದ ಎಣಿಕೆ, 20-21 ಮೊದಲ ಖಾನೆ, 22-23 ಎರಡನೆಯದು, ಹೀಗೇ ಹೋದರೆ 30-31 ಆರನೇ ಖಾನೆ. 31 ಅಂದರೆ ಆರನೆಯದರ ‘ಎಷ್ಟಿದೆ’. ಆ ಬೈಟಿನ ಕೊನೆಯ ಮನೆಯ ಬೆಲೆ 128. ‘ಈ ಪ್ರಾಣಿಯನ್ನು ನೋಡಿದ್ದಾಯ್ತು’ ಅಂತ ಹಾಕಿದ ಟಿಕ್ಕು ಬೇಲಿ ದಾಟಿ ಪಕ್ಕದ ಮನೆಯ ಅಕ್ಕಿ ಡಬ್ಬ ತುಂಬಿಸಿಬಿಟ್ಟಿತ್ತು, ಅಷ್ಟೇ.

ಇದು ಜಾಗವೇ ಇಲ್ಲದ ಕಾಲದ ಮಿತಿ. ಮೋಸ ಇಲ್ಲದ ಮಿತಿ ಅಂತ ನಾನು ಅಂದುಕೊಂಡಿದ್ದೇನೆ. 1999ರ ‘ಗೋಲ್ಡ್’ ಮತ್ತು ‘ಸಿಲ್ವರ್’ನಲ್ಲಿ ಚೀಲಕ್ಕೆ ನಾಲ್ಕು ಜೇಬು ಬಂತು, ಸೈಕಲ್ಲು ಔಷಧಿಯ ಜಾಗ ತಿನ್ನೋದು ನಿಂತಿತು. 2006ರ ‘ಡೈಮಂಡ್’ ಮತ್ತು ‘ಪರ್ಲ್’ ಹೊತ್ತಿಗೆ ಆಟದಲ್ಲಿರೋ ಎಲ್ಲ ವಸ್ತುವೂ ಚೀಲದಲ್ಲಿ ಹಿಡಿಸುತ್ತಿತ್ತು.

ಇನ್ನೊಂದು ಜಾತಿಯ ಮಿತಿ ಇದೆ, ಬೇಕಂತಲೇ ಇಟ್ಟಿದ್ದು. 2000ದಲ್ಲಿ ಬಂದ ‘ಡಯಾಬ್ಲೊ 2’ರ ಚೀಲ ಗಣಿತದ ನೋಟ್‌ಬುಕ್ಕಿನ ಹಾಳೆ ಇದ್ದ ಹಾಗೆ, ಅಡ್ಡಕ್ಕೆ 10 ಚೌಕ, ಉದ್ದಕ್ಕೆ 4. ಉಂಗುರಕ್ಕೆ ಒಂದು ಚೌಕ, ಎದೆಗವಚಕ್ಕೆ ಆರು. ಒಟ್ಟು ಆರು ಚೌಕ ಖಾಲಿ ಇದ್ದರೆ ಸಾಲದು, ಅಕ್ಕಪಕ್ಕ ಕೂಡಿಕೊಂಡು ಇರಬೇಕು. ಹಬ್ಬಕ್ಕೆ ಊರಿಗೆ ಹೋಗಿ ಬರುವಾಗ ಅಮ್ಮ ಕೊಟ್ಟ ಚಕ್ಕುಲಿ ಡಬ್ಬ, ಉಪ್ಪಿನಕಾಯಿ ಬಾಟಲಿ, ಎರಡು ತೆಂಗಿನಕಾಯಿ ಬ್ಯಾಗಿಗೆ ಜೋಡಿಸಿದವರಿಗೆ ಇದು ಹೊಸದೇನಲ್ಲ. ಮಾರನೇ ವರ್ಷದ ಹೆಚ್ಚುವರಿ ಭಾಗದಲ್ಲಿ ತಾಯತದಂಥ ವಸ್ತುಗಳು ಬಂದವು. ಚೀಲದಲ್ಲಿ ಇಟ್ಟುಕೊಂಡಿದ್ದರೆ ಸಾಕು, ಶಕ್ತಿ ಹೆಚ್ಚುತ್ತೆ. ಆದರೆ ಅವೂ ಚೌಕ ತಿನ್ನುತ್ತವೆ. ಶಕ್ತಿ ಬೇಕೋ, ಸಿಕ್ಕಿದ್ದನ್ನು ಹೊರಲು ಜಾಗ ಬೇಕೋ? ಇಂಥ ಪ್ರಶ್ನೆ ಹುಟ್ಟಿಸಿದ ಚೀಲ ಆಟದ ಭಾಗವೇ ಆಗಿಬಿಡುತ್ತೆ. ಇನ್ನೊಂದು ಮಾತು, ಈ ಆಟದಲ್ಲಿ ಚೀಲ ತೆರೆದರೆ ಯುದ್ಧ ನಿಲ್ಲಲ್ಲ. ಅರ್ಧ ಪರದೆಯಲ್ಲಿ ನೀವು ಸಾಮಾನು ಜೋಡಿಸ್ತಿದ್ದರೆ ಉಳಿದರ್ಧದಲ್ಲಿ ಪೆಟ್ಟು ಬೀಳ್ತಾ ಇರುತ್ತೆ.

2011ರ ‘ಸ್ಕೈರಿಮ್’ನಲ್ಲಿ ಖಾನೆ ಇಲ್ಲ, ತೂಕ ಇದೆ. ಶುರುವಿನಲ್ಲಿ 300. ಅದರ ಮೇಲೆ ಸ್ವಲ್ಪ ಹೆಚ್ಚಾದರೂ ಓಡೋಕಾಗಲ್ಲ, ತೆವಳಿದ ಹಾಗೆ ನಡೀಬೇಕು. ತಮಾಷೆ ಅಂದರೆ ಚಿನ್ನದ ನಾಣ್ಯಕ್ಕೆ ತೂಕವೇ ಇಲ್ಲ, ಡ್ರ್ಯಾಗನ್ನಿನ ಒಂದು ಮೂಳೆಗೆ 15. ಮೂಳೆ ಬಿಡಲು ಮನಸ್ಸಾಗದೆ ಕಾಡಿನ ಮಧ್ಯೆ ನಿಂತು ಚೀಲದಲ್ಲಿದ್ದ ಚೀಸು, ಎಲೆಕೋಸು, ಬ್ರೆಡ್ಡು ಎಲ್ಲ ಒಂದೇ ಸಲಕ್ಕೆ ತಿಂದು ಹಗುರ ಮಾಡಿಕೊಂಡವರು ಎಷ್ಟೋ ಜನ. ಚೀಲದಿಂದ ಹೊಟ್ಟೆಗೆ ಹೋದ ತೂಕಕ್ಕೆ ಲೆಕ್ಕವಿಲ್ಲ!

ಈಗ ಮೂರನೇ ಜಾತಿಗೆ ಬರೋಣ. ಈ ಅಂಕಣ ಓದುವ ಅಪ್ಪ ಅಮ್ಮಂದಿರಿಗೆ ಬೇಕಾಗಿರೋದು ಇದೇ. ಮೊಬೈಲಿನಲ್ಲಿ ಪುಕ್ಕಟೆ ಸಿಗುವ ಗೇಮ್‌ಗಳಲ್ಲಿ ಚೀಲದ ಜಾಗವನ್ನೇ ಮಾರ್ತಾರೆ. 2016ರಲ್ಲಿ ಬಂದ ‘ಪೋಕೆಮಾನ್ ಗೋ’ದಲ್ಲಿ ಶುರುವಿಗೆ 350 ವಸ್ತುವಿಗೆ ಜಾಗ ಇತ್ತು. ಇನ್ನೂ 50 ಬೇಕಾದರೆ ಆಟದೊಳಗಿನ 200 ನಾಣ್ಯ. ನಾಣ್ಯವನ್ನು ದುಡ್ಡು ಕೊಟ್ಟು ಕೊಳ್ಳಬಹುದು, ಇಲ್ಲವೇ ಆಡಿ ಗಳಿಸಬಹುದು. ಆಡಿ ಗಳಿಸೋದಕ್ಕೆ ದಿನಕ್ಕೆ 50ರ ಮಿತಿ. ಅಲ್ಲಿಗೆ ಕನಿಷ್ಠ ನಾಲ್ಕು ದಿನ. ಇದರಲ್ಲಿ ಪುಕ್ಕಟೆ ದಾರಿ ಅಂತ ಒಂದಾದರೂ ಇದೆ. ಎಲ್ಲ ಕಡೆ ಇಷ್ಟು ಮರ್ಯಾದೆ ಇರಲ್ಲ.

ನಮ್ಮಕ್ಕನ ಮಗ ಆರನೇ ಕ್ಲಾಸು. ಅವನು ಆಡುವ ಗೇಮಿನ ಹೆಸರು ಇಲ್ಲಿ ಬೇಡ. ಅದರಲ್ಲಿ 60 ಖಾನೆ, ಇನ್ನೂ 25 ಬೇಕಾದರೆ 149 ರೂಪಾಯಿ. ಎರಡು ದಿನ ಅಕ್ಕನ ಹಿಂದೆ ಬಿದ್ದಿದ್ದ. ‘ಮನೇಲಿ ಬೀರು ತುಂಬಿ ಬಾಗಿಲು ಹಾಕಕ್ಕಾಗ್ತಿಲ್ಲ, ಅದಕ್ಕೇ ದುಡ್ಡು ಹಾಕಿಲ್ಲ. ಫೋನೊಳಗಿನ ಚೀಲಕ್ಕೆ ಹಾಕ್ಬೇಕಾ? ನೀನೇ ಹೇಳೋ ಇವನಿಗೆ’ ಅಂತ ಅಕ್ಕ ಫೋನು ನನ್ನ ಕೈಗೆ ಕೊಟ್ಟಳು.

ನಾನು ಹೇಳೋದಕ್ಕಿಂತ ಮೊದಲು ನೋಡಿದೆ. ಒಂದು ಹೋರಾಟ ಗೆದ್ದರೆ ಆರು ವಸ್ತು ಕೊಡುತ್ತೆ, ಐದು ಕಸ. ಆ ಕಸಗಳಲ್ಲೂ ಒಂದೇ ಜಾತಿಯದು ಒಟ್ಟಿಗೆ ಸೇರಲ್ಲ, ‘ಸಣ್ಣ ಔಷಧಿ’ ಅನ್ನೋದೇ 14 ಖಾನೆ ಹಿಡಿದುಕೊಂಡು ಕೂತಿತ್ತು. 1996ರ ಗೇಮ್ ಬಾಯ್ ಎರಡು ಬೈಟಿನಲ್ಲಿ 99 ಸೇರಿಸುತ್ತಿದ್ದದ್ದನ್ನು ಇವರಿಗೆ ಮಾಡಲು ಬರಲ್ಲ ಅಂತಲ್ಲ. ‘ಚೀಲ ತುಂಬಿದೆ’ ಅನ್ನೋ ಸಂದೇಶ ಬರೋದು ಸರಿಯಾಗಿ ದೊಡ್ಡ ಪೆಟ್ಟಿಗೆ ತೆರೆದು ಹೊಳೆಯೋ ಕತ್ತಿ ಕಂಡ ಕ್ಷಣದಲ್ಲಿ. ಪಕ್ಕದಲ್ಲೇ ಹಸಿರು ಬಣ್ಣದ ‘ವಿಸ್ತರಿಸಿ’ ಬಟನ್ನು. ಬೇಡದ್ದನ್ನು ಮಾರುವ ಬಟನ್ನಿಗೆ ಮೂರು ಪರದೆ ದಾಟಿ ಹೋಗಬೇಕು, ಅದೂ ಒಂದೊಂದಾಗಿ. ಖಾನೆ ಕೊಡೋದರಿಂದ ಅವರಿಗೆ ಏನು ಖರ್ಚು ಅಂತ ಅಕ್ಕ ಕೇಳಿದಳು. ಒಂದು ವಸ್ತುವಿಗೆ ಧಾರಾಳವಾಗಿ 20 ಬೈಟು ಅಂತಿಟ್ಟರೂ 25 ಖಾನೆಗೆ 500 ಬೈಟು. ಸಾಧಾರಣ 100 ಕಿಲೋಬೈಟಿನ ಒಂದು ಫೋಟೋದ ಜಾಗದಲ್ಲಿ ಇಂಥ ಐದು ಸಾವಿರ ಖಾನೆ ಇಡಬಹುದು. ನಾನೂ ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವವನೇ, ಮಾಡಿದ ಕೆಲಸಕ್ಕೆ ಯಾರೂ ದುಡ್ಡು ಕೇಳಬಾರದು ಅನ್ನಲ್ಲ. ಆದರೆ ಕಸ ತುಂಬಿಸಿ, ಕಸಬರಿಗೆ ಬಚ್ಚಿಟ್ಟು, ಜಾಗ ಮಾರೋದು ನನಗೆ ಸರಿ ಕಾಣಲ್ಲ, ಅದೂ ಹನ್ನೊಂದು ವರ್ಷದ ಹುಡುಗನಿಗೆ.

ಇದನ್ನೆಲ್ಲ ಅವನಿಗೆ ತೋರಿಸಿದೆ. ಅವನೇನೂ ಬೇಜಾರು ಮಾಡಿಕೊಳ್ಳಲಿಲ್ಲ, ಯಾರೋ ಜಾದೂಗಾರನ ಗುಟ್ಟು ಹೇಳಿಕೊಟ್ಟ ಹಾಗೆ ಕಣ್ಣರಳಿಸಿದ. ಇಬ್ಬರೂ ಕೂತು ಮಾರಲು ಶುರು ಮಾಡಿದೆವು. ಔಷಧಿ ಹೋಯ್ತು, ಮುರಿದ ಗುರಾಣಿ ಹೋಯ್ತು. ಮೊದಲ ಖಾನೆಯಲ್ಲಿ ಒಂದು ಮರದ ಕತ್ತಿ, ಆಟದಲ್ಲೇ ಅತಿ ಕಡಿಮೆ ಬೆಲೆಯದು. ಅದರ ಮೇಲೆ ಬೆರಳಿಟ್ಟೆ.

‘ಮಾಮ, ಅದು ಬೇಡ.’

‘ಯಾಕೋ? ಅಂಗಡೀಲಿ ಎರಡು ನಾಣ್ಯಕ್ಕೆ ಸಿಗುತ್ತಲ್ಲೋ.’

‘ಅದು ಬೇರೆ. ಇದು ಅವನು ಕೊಟ್ಟಿದ್ದು.’

ಅವನು ಅಂದರೆ ಐದನೇ ಕ್ಲಾಸಿನವರೆಗೆ ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯ. ಅಪ್ಪನಿಗೆ ವರ್ಗವಾಗಿ ಕಲಬುರಗಿಗೆ ಹೋದವನು. ಹೋಗುವ ಹಿಂದಿನ ದಿನ ಆಟದಲ್ಲಿ ಕೊಟ್ಟು ಹೋಗಿದ್ದನಂತೆ.

ಆ ಕತ್ತಿಯ ವಿವರ ತೆರೆದು ನೋಡಿದೆ. ಯಾರು ಕೊಟ್ಟರು, ಯಾವಾಗ ಕೊಟ್ಟರು ಅನ್ನೋದೇನೂ ಇಲ್ಲ. ಆಟಕ್ಕೆ ಅದೊಂದು ನಂಬರು, ಸಂಖ್ಯೆ ಒಂದು. ಒಂದರ ಮೇಲೊಂದು ಸೇರಿಸಿಡೋದು ಸಾಧ್ಯವಾಗೋದೇ ಎರಡರ ನಡುವೆ ವ್ಯತ್ಯಾಸ ಇಲ್ಲದಿದ್ದಾಗ. 99 ಔಷಧಿಯಲ್ಲಿ ಯಾವುದು ಎಲ್ಲಿ ಸಿಕ್ಕಿತ್ತು ಅಂತ ಯಾವ ಚೀಲವೂ ನೆನಪಿಡಲ್ಲ. ಕೆಲವು ಆಟಗಳು ಇದಕ್ಕೆ ಒಂದಿಷ್ಟು ಜಾಗ ಕೊಟ್ಟಿವೆ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನಲ್ಲಿ ಆಟಗಾರರು ಕೈಯಾರೆ ಮಾಡಿದ ಆಯುಧದ ಮೇಲೆ ಮಾಡಿದವರ ಹೆಸರು ಉಳಿಯುತ್ತೆ. ‘ಮೈನ್‌ಕ್ರಾಫ್ಟ್’ನಲ್ಲಿ ಕಮ್ಮಾರನ ಅಡಿಗಲ್ಲಿನ ಮೇಲಿಟ್ಟು ಯಾವುದಕ್ಕೆ ಬೇಕಾದರೂ ಹೆಸರಿಡಬಹುದು, ಹಾಗೆ ಹೆಸರಿಟ್ಟಿದ್ದು ಹೆಸರಿಲ್ಲದ್ದರ ಜೊತೆ ಒಂದೇ ಖಾನೆಯಲ್ಲಿ ಸೇರಲ್ಲ. ಹುಡುಗನ ಗೇಮಿನಲ್ಲಿ ಅಂಥದ್ದೇನೂ ಇರಲಿಲ್ಲ. ಬೀಗದ ಗುರುತು ಮಾತ್ರ ಇತ್ತು, ಅದನ್ನು ಒತ್ತಿದರೆ ಆ ವಸ್ತು ಕೈತಪ್ಪಿ ಮಾರಾಟವಾಗಲ್ಲ. ಅದು ಎಲ್ಲಿದೆ ಅಂತ ತೋರಿಸಿದೆ, ಅವನೇ ಒತ್ತಿದ. ಉಳಿದ 59ರಲ್ಲಿ 38 ಖಾನೆ ಖಾಲಿಯಾಯ್ತು.

ಮನೆಯಲ್ಲಿ ಮಕ್ಕಳು ಆಡುವ ಫೋನ್ ಇದ್ದರೆ ಪ್ಲೇ ಸ್ಟೋರಿನ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ದೃಢೀಕರಣ ಕೇಳುವ ಆಯ್ಕೆ ಇದೆ, ಅದನ್ನು ಹಾಕಿಡಿ. ಮಗು ದುಡ್ಡು ಕೇಳಿದಾಗ ಬೈಯೋ ಮುಂಚೆ ಒಂದು ಸಲ ಚೀಲ ತೆಗೆಸಿ ನೋಡಿ. ಏನೇನಿದೆ ಅಂತ ಅವರೇ ಹೇಳ್ತಾರೆ, ಸುಮಾರು ಹೊತ್ತು ಹೇಳ್ತಾರೆ, ಕಾಫಿ ಮಾಡ್ಕೊಂಡು ಕೂತ್ಕೊಳ್ಳಿ.