ಲೆಡ್ಜರ್ ಜೊತೆಗೆ ನಕ್ಷೆಯೂ ಬೇಕು

ಜಿಐಎಸ್, ಅಂದರೆ ಭೌಗೋಳಿಕ ಮಾಹಿತಿ ವ್ಯವಸ್ಥೆ, ಸೈನ್ಸ್‌ನವರ ವಿಷಯ ಎಂದು ಕಾಮರ್ಸ್ ವಿದ್ಯಾರ್ಥಿನಿಯಾದ ನಾನೂ ತಿಳಿದಿದ್ದೆ. ನನ್ನ ಮಾಮು ಸೌದಿಯ ಅಲ್ ಅಹ್ಸಾದಲ್ಲಿ ಡ್ರೈವರ್. ಅವರು ಕಳಿಸುವ ಹಣದಲ್ಲೇ ನನ್ನ ಕಾಲೇಜು ಫೀಸು. "ಇಲ್ಲಿ ತೈಲ ಇರುವವರೆಗೆ ನಮಗೆ ಕೆಲಸ, ಬೇಟಿ" ಎನ್ನುತ್ತಾರೆ. ಆ ಮಾತಿನಿಂದಲೇ ಅಲ್ಲಿನ ಘವಾರ್ ತೈಲಕ್ಷೇತ್ರದ ಬಗ್ಗೆ ಓದಿದೆ. ನನ್ನ ಅಭಿಪ್ರಾಯ ಬದಲಾಯಿತು.

1948ರಲ್ಲಿ ಪತ್ತೆಯಾದ ಘವಾರ್ ಜಗತ್ತಿನ ಅತಿ ದೊಡ್ಡ ತೈಲಕ್ಷೇತ್ರ. ಉದ್ದ ಸುಮಾರು 280 ಕಿ.ಮೀ. ಅದರ ಅಂಚುಗಳಲ್ಲಿ ನೆಲದೊಳಕ್ಕೆ ನೀರು ತುಂಬಿ, ತೈಲವನ್ನು ಬಾವಿಗಳ ಕಡೆಗೆ ತಳ್ಳುತ್ತಾರೆ. ಕಾಲಕ್ರಮೇಣ ತೈಲದ ಜೊತೆ ನೀರೂ ಮೇಲೆ ಬರುತ್ತದೆ. ಅದನ್ನು ಬೇರ್ಪಡಿಸಲು ಖರ್ಚಾಗುತ್ತದೆ.

ಇಂಥ ಕಡೆ ಉತ್ಪಾದನೆ ಕುಸಿದರೆ ನಮ್ಮ ಲೆಡ್ಜರ್ ಎಷ್ಟು ಕುಸಿಯಿತು ಎಂದು ಹೇಳುತ್ತದೆ. ಎಲ್ಲಿ, ಏಕೆ ಎಂದು ಹೇಳುವುದಿಲ್ಲ. ಜಿಐಎಸ್‌ನಲ್ಲಿ ಪ್ರತಿ ಅಂಕಿಯೂ ತನ್ನ ಜಾಗದಲ್ಲಿ ಕೂರುತ್ತದೆ. ಬಾವಿಗಳು ಒಂದು ಪದರ, ಪೈಪ್‌ಲೈನ್ ಇನ್ನೊಂದು, ನೀರಿನ ಪ್ರಮಾಣ ಮತ್ತೊಂದು. ಅಂಚಿನ ಬಾವಿಗಳಲ್ಲಿ ಸಾಲಾಗಿ ನೀರು ಹೆಚ್ಚಿದರೆ, ತುಂಬಿದ ನೀರು ಮುಂದೆ ಬರುತ್ತಿರಬಹುದು. ನಡುವಿನ ಒಂದೇ ಬಾವಿಯಲ್ಲಿ ಹೆಚ್ಚಿದರೆ, ಬಂಡೆಯ ಬಿರುಕನ್ನೋ ಬಾವಿಯ ಕೊಳವೆಯನ್ನೋ ಅನುಮಾನಿಸಬೇಕು. ಒಂದೇ ಪೈಪ್‌ಲೈನಿಗೆ ಸೇರಿದ ಬಾವಿಗಳೆಲ್ಲ ಒಟ್ಟಿಗೆ ಕುಸಿದರೆ, ಮೊದಲು ಪೈಪನ್ನು ನೋಡಬೇಕು. ಮೂರಕ್ಕೂ ರಿಪೇರಿ ಬೇರೆ, ಖರ್ಚೂ ಬೇರೆ. ತಪ್ಪು ಜಾಗಕ್ಕೆ ಸುರಿದ ಹಣ ನಷ್ಟವಲ್ಲವೇ? ಇದು ಕಾಮರ್ಸ್ ಪ್ರಶ್ನೆಯೇ.

ನಕ್ಷೆ ಬಿಡಿಸಿದ ಮಾತ್ರಕ್ಕೆ ಬಾವಿ ಸರಿಹೋಗುವುದಿಲ್ಲ, ನಿಜ. ಅಳತೆ ತಪ್ಪಿದ್ದರೆ ನಕ್ಷೆಯೂ ಸುಳ್ಳು ಹೇಳುತ್ತದೆ. ಕೊನೆಯ ತೀರ್ಮಾನಕ್ಕೆ ಎಂಜಿನಿಯರ್‌ಗಳ ಪರೀಕ್ಷೆ ಬೇಕೇ ಬೇಕು. ಆದರೆ ಮೊದಲು ಎಲ್ಲಿ ಹುಡುಕಬೇಕೆಂದು ನಕ್ಷೆ ತೋರಿಸುತ್ತದೆ.

ಆದ್ದರಿಂದ ನಮ್ಮ ಪ್ರಾಧ್ಯಾಪಕರಲ್ಲಿ ನನ್ನದೊಂದು ವಿನಂತಿ. ಕ್ಯೂಜಿಐಎಸ್ ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ವಾರಕ್ಕೆ ಒಂದು ಗಂಟೆ ಕಂಪ್ಯೂಟರ್ ಲ್ಯಾಬನ್ನು ಕಾಮರ್ಸ್‌ನವರಿಗೂ ಕೊಡಿ. ನಮ್ಮಲ್ಲಿ ಎಷ್ಟೋ ಮನೆಗಳ ಒಲೆ ಗಲ್ಫ್‌ನ ದುಡಿಮೆಯಿಂದ ಉರಿಯುತ್ತಿದೆ. ಮಾಮು ಅಲ್ಲಿ ಸ್ಟೀರಿಂಗ್ ಹಿಡಿದಿದ್ದಾರೆ. ಅವರ ಸೊಸೆಯಾದ ನಾನು, ಅಲ್ಲಿಯ ನಷ್ಟ ಎಲ್ಲಿದೆ ಎಂದು ತೋರಿಸುವ ಕೆಲಸ ಕಲಿಯಬಾರದೇಕೆ?