ಮನೆಮಾತು: ಆಸ್ತಿಯೋ, ಹೊಣೆಗಾರಿಕೆಯೋ?

1987ರ ಆಗಸ್ಟ್ ಕೊನೆಯಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದ ಹಾಡು ಇಂಗ್ಲಿಷಿನದ್ದಲ್ಲ. ಹಾಡಿನ ಹೆಸರು ‘ಲಾ ಬಂಬಾ’, ಭಾಷೆ ಸ್ಪ್ಯಾನಿಷ್. ಹಾಡಿದ್ದು ಲಾಸ್ ಏಂಜಲೀಸ್ ನಗರದ ಪೂರ್ವ ಭಾಗದ ‘ಲೋಸ್ ಲೋಬೋಸ್’ ಎಂಬ ರಾಕ್ ತಂಡ. ‘ಲೋಸ್ ಲೋಬೋಸ್’ ಎಂದರೆ ತೋಳಗಳು. ಪೂರ್ತಿ ಸ್ಪ್ಯಾನಿಷ್‌ನಲ್ಲಿರುವ ಹಾಡೊಂದು ಆ ಪಟ್ಟಿಯ ತುದಿಗೆ ಏರಿದ್ದು ಅದೇ ಮೊದಲು. ಮೂರು ವಾರ ಅದು ಅಲ್ಲೇ ಇತ್ತು.

ಎಲ್ಲರೂ ಗಿಟಾರ್ ಕಲಿಯಿರಿ ಎಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಹಾಡು, ಸಂಗೀತದ ಬಗ್ಗೆ ನಮ್ಮ ಮನೆಗಳಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ. ಆ ಚರ್ಚೆಗೆ ನಾನು ಹೋಗುವುದಿಲ್ಲ. ನನ್ನ ವಿಷಯ ಭಾಷೆ. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು, ಪುಸ್ತಕದಲ್ಲಿ ಮತ್ತೊಂದು ಇಟ್ಟುಕೊಂಡು ಬದುಕುವ ನಮ್ಮಂಥವರಿಗೆ ಈ ತಂಡದ ಕಥೆಯಲ್ಲಿ ಕಲಿಯುವುದು ಬಹಳ ಇದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಆ ಊರಿನ ಬಗ್ಗೆ ಎರಡು ಮಾತು. ಕ್ಯಾಲಿಫೋರ್ನಿಯಾ 1848ರವರೆಗೆ ಮೆಕ್ಸಿಕೊ ದೇಶದ ಭಾಗವಾಗಿತ್ತು. ಯುದ್ಧದ ನಂತರ ಅಮೆರಿಕದ ಪಾಲಾಯಿತು. ‘ಲಾಸ್ ಏಂಜಲೀಸ್’ ಎಂಬ ಹೆಸರೇ ಸ್ಪ್ಯಾನಿಷ್. ಅಂದರೆ ಆ ಭಾಷೆ ಅಲ್ಲಿಗೆ ನಿನ್ನೆ ಮೊನ್ನೆ ಬಂದ ಅತಿಥಿಯಲ್ಲ. ಆದರೂ ನಗರದ ಶಾಲೆಗಳಲ್ಲಿ ಸ್ಪ್ಯಾನಿಷ್ ಮಾತಾಡಿದರೆ ಮಕ್ಕಳಿಗೆ ಶಿಕ್ಷೆ ಆಗುತ್ತಿದ್ದ ಕಾಲವೊಂದಿತ್ತು. 1968ರ ಮಾರ್ಚ್‌ನಲ್ಲಿ ಪೂರ್ವ ಲಾಸ್ ಏಂಜಲೀಸ್‌ನ ಹೈಸ್ಕೂಲುಗಳ ಸಾವಿರಾರು ಮೆಕ್ಸಿಕನ್ ಮೂಲದ ವಿದ್ಯಾರ್ಥಿಗಳು ತರಗತಿ ಬಿಟ್ಟು ಹೊರಗೆ ಬಂದು ಪ್ರತಿಭಟಿಸಿದರು. ತಮ್ಮ ಭಾಷೆಗೆ, ತಮ್ಮ ಚರಿತ್ರೆಗೆ ಶಾಲೆಯಲ್ಲಿ ಜಾಗ ಬೇಕು ಎಂಬುದು ಅವರ ಬೇಡಿಕೆಗಳಲ್ಲಿ ಒಂದು. ಪ್ರತಿಭಟಿಸಿದವರು ನಮ್ಮ ವಯಸ್ಸಿನವರು ಎಂಬುದನ್ನು ಗಮನಿಸಬೇಕು.

ಆ ಶಾಲೆಗಳಲ್ಲಿ ಒಂದು ಗಾರ್‌ಫೀಲ್ಡ್ ಹೈಸ್ಕೂಲ್. ಅದೇ ಶಾಲೆಯ ಚಿತ್ರಕಲೆ ತರಗತಿಯಲ್ಲಿ ಡೇವಿಡ್ ಹಿಡಾಲ್ಗೊ ಮತ್ತು ಲೂಯಿ ಪೆರೆಜ್ ಎಂಬ ಹುಡುಗರು ಸ್ನೇಹಿತರಾದರು. ಮುಂದೆ ಸೀಸರ್ ರೋಸಸ್ ಮತ್ತು ಕಾನ್‌ರಾಡ್ ಲೊಜಾನೊ ಜೊತೆಯಾದರು. 1973ರಲ್ಲಿ ತಂಡ ಶುರುವಾಯಿತು. ಅದಕ್ಕೂ ಮೊದಲು ಇವರೆಲ್ಲ ನುಡಿಸುತ್ತಿದ್ದದ್ದು ಇಂಗ್ಲಿಷ್ ರಾಕ್. ಆ ಕಾಲದ ಅಮೆರಿಕದ ಎಲ್ಲ ಹುಡುಗರೂ ಅದನ್ನೇ ನುಡಿಸುತ್ತಿದ್ದರು. ಅಪ್ಪ, ಅಮ್ಮ, ಅಜ್ಜಿ ಕೇಳುವ ಮೆಕ್ಸಿಕನ್ ಹಾಡು ಮನೆಯ ಗೋಡೆಯ ಹಾಗೆ ಯಾವಾಗಲೂ ಇತ್ತು, ಆದ್ದರಿಂದಲೇ ಯಾರೂ ಅದರ ಕಡೆ ನೋಡುತ್ತಿರಲಿಲ್ಲ.

ಅವರು ಅದರ ಕಡೆ ತಿರುಗಿ ನೋಡಿದರು. ಮನೆಯ ಹಳೆಯ ರೆಕಾರ್ಡುಗಳನ್ನು ಹಾಕಿ ಕೇಳತೊಡಗಿದರು. ಕೇಳಿದಾಗ ಗೊತ್ತಾಯಿತು, ಇದು ಸುಲಭವಲ್ಲ. ತಾಳ ಬೇರೆ, ವಾದ್ಯಗಳು ಬೇರೆ. ಗಿಟಾರೋನ್ ಎಂಬ ದೊಡ್ಡ ಹೊಟ್ಟೆಯ ಗಿಟಾರ್, ಹನ್ನೆರಡು ತಂತಿಯ ಬಾಹೊ ಸೆಸ್ತೊ, ಚಿಕ್ಕ ಹರಾನಾ, ನಮ್ಮ ಹಾರ್ಮೋನಿಯಂನಂತೆ ಗಾಳಿಯಿಂದ ನುಡಿಯುವ ಅಕಾರ್ಡಿಯನ್. ರಾಕ್ ನುಡಿಸಿ ಪಳಗಿದ ಕೈಗಳು ಇವನ್ನೆಲ್ಲ ಮೊದಲಿನಿಂದ ಕಲಿಯಬೇಕಾಯಿತು. ಹಲವು ವರ್ಷ ಅವರು ಮದುವೆಗಳಲ್ಲಿ, ಹೋಟೆಲುಗಳಲ್ಲಿ ಇದೇ ಹಾಡುಗಳನ್ನು ನುಡಿಸಿದರು. 1978ರಲ್ಲಿ ತಾವೇ ಒಂದು ಆಲ್ಬಂ ತಂದರು. ‘ಪೂರ್ವ ಲಾಸ್ ಏಂಜಲೀಸ್‌ನ ಇನ್ನೊಂದು ತಂಡ, ಅಷ್ಟೇ’ ಎಂಬ ಅರ್ಥ ಬರುವ ಮಾತು ಅದರ ಹೆಸರಿನಲ್ಲಿತ್ತು.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಈ ಕಲಿಕೆ. ಮನೆಮಾತು ತಂದೆಯ ಜಮೀನಿನಂತೆ ತಾನಾಗಿ ನಮ್ಮ ಹೆಸರಿಗೆ ಬರುವುದಿಲ್ಲ. ಕಿವಿಗೆ ಬೀಳುವುದು ಬೇರೆ, ಕೈಗೆ ಬರುವುದು ಬೇರೆ. ನಮ್ಮ ಅಕೌಂಟೆನ್ಸಿ ಪುಸ್ತಕದಲ್ಲಿ ಸವಕಳಿ ಎಂಬ ಪಾಠ ಇದೆ. ಯಂತ್ರ ಬಳಸಿದಷ್ಟೂ ಸವೆಯುತ್ತದೆ, ವರ್ಷ ವರ್ಷ ಅದರ ಬೆಲೆ ಇಳಿಸಿ ಬರೆಯಬೇಕು. ಭಾಷೆಯ ಲೆಕ್ಕ ತಿರುಗುಮುರುಗು. ಅದು ಬಳಸದಿದ್ದರೆ ಸವೆಯುತ್ತದೆ. ಬಳಸಿದಷ್ಟೂ ಬೆಲೆ ಏರುತ್ತದೆ.

ಈಗ ‘ಲಾ ಬಂಬಾ’ದ ಮೂಲಕ್ಕೆ ಬರೋಣ, ಏಕೆಂದರೆ ಅದು ಲೋಸ್ ಲೋಬೋಸ್ ಬರೆದ ಹಾಡಲ್ಲ. ಅದು ಮೆಕ್ಸಿಕೊದ ವೆರಾಕ್ರೂಸ್ ಪ್ರದೇಶದ ಹಳೆಯ ಜನಪದ ಹಾಡು. ಅದನ್ನು ಮೊದಲು ರಾಕ್ ಹಾಡಾಗಿ ಮಾಡಿ ಗೆದ್ದವನು ರಿಚಿ ವ್ಯಾಲೆನ್ಸ್ ಎಂಬ ಹುಡುಗ. ಅವನ ನಿಜ ಹೆಸರು ರಿಚರ್ಡ್ ವ್ಯಾಲೆನ್‌ಜುಯೆಲಾ. ರೆಕಾರ್ಡ್ ಕಂಪನಿಯವರು ಆ ಹೆಸರನ್ನು ಕತ್ತರಿಸಿ ಚಿಕ್ಕದು ಮಾಡಿದರು, ರೇಡಿಯೊದವರಿಗೆ ಮೆಕ್ಸಿಕನ್ ಹೆಸರು ಹಿಡಿಸದೆ ಹೋದೀತು ಎಂಬ ಲೆಕ್ಕ. ಲಾಸ್ ಏಂಜಲೀಸ್‌ನಲ್ಲೇ ಹುಟ್ಟಿ ಇಂಗ್ಲಿಷ್‌ನಲ್ಲೇ ಬೆಳೆದ ಅವನಿಗೆ ಸ್ಪ್ಯಾನಿಷ್ ಅಷ್ಟಾಗಿ ಬರುತ್ತಿರಲಿಲ್ಲ. ಆದರೂ 1958ರಲ್ಲಿ ಸ್ಪ್ಯಾನಿಷ್ ಪದಗಳನ್ನು ಕಲಿತು ಈ ಹಾಡನ್ನು ಹಾಡಿದ. 1959ರ ಫೆಬ್ರವರಿ 3ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡ. ಆಗ ಅವನಿಗೆ 17 ವರ್ಷ, ಈಗ ನನಗೆಷ್ಟೋ ಅಷ್ಟು. ಅವನ ಜೀವನದ ಮೇಲೆ 1987ರಲ್ಲಿ ಸಿನಿಮಾ ಬಂದಾಗ ಅವನ ಹಾಡುಗಳನ್ನು ಹಾಡಿದವರು ಲೋಸ್ ಲೋಬೋಸ್.

ಒಬ್ಬ ಹುಡುಗ ಹೆಸರು ಕತ್ತರಿಸಿಕೊಂಡು ಒಂದು ಸ್ಪ್ಯಾನಿಷ್ ಹಾಡು ಹಾಡಿದ. ಸುಮಾರು 30 ವರ್ಷದ ನಂತರ, ತಂಡಕ್ಕೇ ಸ್ಪ್ಯಾನಿಷ್ ಹೆಸರಿಟ್ಟುಕೊಂಡವರು ಅದೇ ಹಾಡನ್ನು ದೇಶದ ಮೊದಲ ಸ್ಥಾನಕ್ಕೆ ಒಯ್ದರು. ನಡುವಿನ ದಾರಿ ಮಾತ್ರ ಸುಲಭದ್ದಾಗಿರಲಿಲ್ಲ. 1980ರಲ್ಲಿ ಲಾಸ್ ಏಂಜಲೀಸ್‌ನ ಒಂದು ದೊಡ್ಡ ಸಭಾಂಗಣದಲ್ಲಿ ಇಂಗ್ಲೆಂಡಿನ ಹೆಸರಾದ ತಂಡವೊಂದರ ಕಾರ್ಯಕ್ರಮಕ್ಕೆ ಮೊದಲು ಇವರು ತಮ್ಮ ಮೆಕ್ಸಿಕನ್ ಹಾಡುಗಳನ್ನು ನುಡಿಸಿದರು. ಜನ ಕೂಗಾಡಿದರು, ಕೈಗೆ ಸಿಕ್ಕಿದ್ದನ್ನು ಎಸೆದರು. ತಮ್ಮ ಊರಿನಲ್ಲೇ, ತಮ್ಮ ಮನೆಯಿಂದ ಸ್ವಲ್ಪ ದೂರದಲ್ಲೇ ಹೀಗಾಯಿತು.

ಇಂಥ ಅವಮಾನದ ನಂತರ ಜನ ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ಒಂದು, ಮನೆಮಾತನ್ನು ಮನೆಯಲ್ಲೇ ಬಿಟ್ಟು ಹೊರಗಿನವರ ಹಾಗೆ ಆಗುವುದು. ಎರಡು, ಹೊರಗೆ ಹೋಗುವುದನ್ನೇ ಬಿಟ್ಟು ನಮ್ಮವರ ನಡುವೆ ಮಾತ್ರ ಇರುವುದು. ಇವರು ಎರಡನ್ನೂ ಮಾಡಲಿಲ್ಲ. ಎಲೆಕ್ಟ್ರಿಕ್ ಗಿಟಾರನ್ನು ಮತ್ತೆ ಕೈಗೆತ್ತಿಕೊಂಡರು, ಅಕಾರ್ಡಿಯನ್ನನ್ನೂ ಬಿಡಲಿಲ್ಲ. ಇಂಗ್ಲಿಷ್ ಹಾಡಿನ ಪಕ್ಕದಲ್ಲಿ ಸ್ಪ್ಯಾನಿಷ್ ಹಾಡು ಇಟ್ಟರು. 1983ರಲ್ಲಿ ಬಂದ ಅವರ ಚಿಕ್ಕ ರೆಕಾರ್ಡ್ ಹೀಗೇ ಇತ್ತು. ಅದರಲ್ಲಿದ್ದ ‘ಅನ್ಸೆಲ್ಮಾ’ ಎಂಬ ಸ್ಪ್ಯಾನಿಷ್ ಹಾಡಿಗೆ ಗ್ರ್ಯಾಮಿ ಪ್ರಶಸ್ತಿ ಬಂತು. ಆ ರೆಕಾರ್ಡಿನಿಂದ ಬಂದ ಹಣದಲ್ಲಿ ಅವರು ಒಂದು ವ್ಯಾನ್ ಕೊಂಡು ದೇಶ ಸುತ್ತಿದರು. ನಾವು ಕಾಮರ್ಸ್‌ನವರು ಇದನ್ನು ಮೆಚ್ಚಲೇಬೇಕು. ಬಂದ ಲಾಭವನ್ನು ಮುಂದಿನ ಗಳಿಕೆಗೆ ದಾರಿಯಾಗುವ ಆಸ್ತಿಗೆ ಹಾಕಿದರು.

ಪಾಲುದಾರಿಕೆಯ ಪಾಠವೂ ಇಲ್ಲಿದೆ. 1984ರ ಹೊತ್ತಿಗೆ ಸ್ಟೀವ್ ಬರ್ಲಿನ್ ಎಂಬ ಸ್ಯಾಕ್ಸೊಫೋನ್ ವಾದಕ ತಂಡಕ್ಕೆ ಸೇರಿದರು. ಅವರು ಪೂರ್ವ ಲಾಸ್ ಏಂಜಲೀಸ್‌ನವರಲ್ಲ, ಮೆಕ್ಸಿಕನ್ ಮೂಲದವರೂ ಅಲ್ಲ. ನಮ್ಮದನ್ನು ಉಳಿಸಿಕೊಳ್ಳುವುದು ಎಂದರೆ ಬಾಗಿಲು ಹಾಕಿಕೊಳ್ಳುವುದು ಎಂದು ಆ ನಾಲ್ವರು ತಿಳಿದಿರಲಿಲ್ಲ. ಹೊಸ ಪಾಲುದಾರ ತನ್ನ ಬಂಡವಾಳದೊಂದಿಗೆ ಬಂದ, ಹಳೆಯವರ ಬಂಡವಾಳ ಕಡಿಮೆ ಆಗಲಿಲ್ಲ.

ಇನ್ನು 1987ರ ನಂತರ ಏನಾಯಿತು ನೋಡಿ. ಹಾಡು ಮೊದಲ ಸ್ಥಾನಕ್ಕೆ ಬಂದಿದೆ, ಗುಡ್‌ವಿಲ್ ಆಕಾಶಕ್ಕೇರಿದೆ. ಮಾರುಕಟ್ಟೆಯ ಲೆಕ್ಕ ಏನು ಹೇಳುತ್ತದೆ? ಇಂಥದ್ದೇ ಇನ್ನೊಂದು ಹಾಡು ಬೇಗ ತನ್ನಿ ಎನ್ನುತ್ತದೆ. ಅವರು 1988ರಲ್ಲಿ ತಂದದ್ದು ‘ಲಾ ಪಿಸ್ತೋಲಾ ಇ ಎಲ್ ಕೊರಸೋನ್’ ಎಂಬ ಆಲ್ಬಂ. ಪೂರ್ತಿ ಸ್ಪ್ಯಾನಿಷ್, ಹೆಚ್ಚಿನವು ಮೆಕ್ಸಿಕೊದ ಸಾಂಪ್ರದಾಯಿಕ ಹಾಡುಗಳು, ಹಳೆಯ ವಾದ್ಯಗಳು. ಮದುವೆ ಮನೆಗಳಲ್ಲಿ ನುಡಿಸುತ್ತಿದ್ದ ಹಾಡುಗಳಿಗೇ ಮರಳಿದರು. ‘ಲಾ ಬಂಬಾ’ ಮಾರಿದಷ್ಟು ಅದು ಮಾರಲಿಲ್ಲ. ಆದರೆ ಅದಕ್ಕೂ ಗ್ರ್ಯಾಮಿ ಬಂತು. ಅದಕ್ಕಿಂತ ದೊಡ್ಡ ಮಾತು, ಒಂದೇ ಹಾಡಿನ ತಂಡ ಎಂದು ಜನ ಅವರನ್ನು ಮರೆಯಲಿಲ್ಲ. 1992ರ ‘ಕಿಕೊ’ ಆಲ್ಬಂ ಅನ್ನು ವಿಮರ್ಶಕರು ಇವತ್ತಿಗೂ ಹೊಗಳುತ್ತಾರೆ. 2021ರಲ್ಲಿ ತಮ್ಮ ನಗರದ ಹಾಡುಗಳನ್ನೇ ಆರಿಸಿ ‘ನೇಟಿವ್ ಸನ್ಸ್’ ತಂದರು. ಅದರ ಅರ್ಥ ‘ಈ ಮಣ್ಣಿನ ಮಕ್ಕಳು’. 2022ರಲ್ಲಿ ಅದಕ್ಕೂ ಗ್ರ್ಯಾಮಿ ಬಂತು. ತಂಡಕ್ಕೆ ಐವತ್ತು ವರ್ಷ ದಾಟಿದೆ. ಬಹಳ ಅಂಗಡಿಗಳೂ ಅಷ್ಟು ಕಾಲ ನಡೆಯುವುದಿಲ್ಲ.

‘ಅದು ಅಮೆರಿಕ, ನಮಗೇನು?’ ಎಂದು ಕೆಲವರು ಕೇಳಬಹುದು. ನಮಗೆ ಬಹಳ ಇದೆ ಎನ್ನುತ್ತೇನೆ. ನಮ್ಮ ಮನೆಯ ಉರ್ದು ಪುಸ್ತಕದ ಉರ್ದು ಅಲ್ಲ, ದಖನಿ. ‘ನಕ್ಕೊ’, ‘ಹೌ’ ಎನ್ನುವ ಮಾತು. ಉತ್ತರದ ಉರ್ದು ಬಲ್ಲವರು ಅದನ್ನು ಕೇಳಿ ನಗುತ್ತಾರೆ, ಸಿನಿಮಾಗಳು ಅದನ್ನು ಹಾಸ್ಯಕ್ಕೆ ಮಾತ್ರ ಬಳಸುತ್ತವೆ. ಮೆಕ್ಸಿಕೊದವರೂ ಹೀಗೇ. ಅಮೆರಿಕದಲ್ಲಿ ಬೆಳೆದು ಸ್ಪ್ಯಾನಿಷ್ ಸರಿಯಾಗಿ ಬಾರದ ತಮ್ಮವರನ್ನು ‘ಪೋಚೊ’ ಎಂದು ಹೀಯಾಳಿಸುವುದುಂಟು. ಅತ್ತ ಇಂಗ್ಲಿಷ್‌ನವರಿಗೆ ಇವರು ಹೊರಗಿನವರು, ಇತ್ತ ಸ್ಪ್ಯಾನಿಷ್‌ನವರಿಗೆ ಅರೆಬರೆ.

ನಮ್ಮ ಸ್ಥಿತಿ ಎಷ್ಟು ಬೇರೆ? ನಾನು ಕನ್ನಡದಲ್ಲಿ ಎರಡು ವಾಕ್ಯ ನೆಟ್ಟಗೆ ಮಾತಾಡಿದರೆ, ‘ಅರೆ, ನೀವು ಕನ್ನಡ ಚೆನ್ನಾಗಿ ಮಾತಾಡ್ತೀರಲ್ಲ!’ ಎಂದು ಆಶ್ಚರ್ಯಪಡುವವರಿದ್ದಾರೆ. ಇಲ್ಲೇ ಹುಟ್ಟಿ, ಒಂದನೇ ಕ್ಲಾಸಿನಿಂದ ಇದೇ ಭಾಷೆ ಓದಿದವರಿಗೆ ಇದು ಹೊಗಳಿಕೆಯಂತೆ ಕೇಳಿಸುವುದಿಲ್ಲ. ಅದೇ ನಾನು ಕನ್ನಡದಲ್ಲಿ ಬರೆದರೆ ನೆಂಟರಲ್ಲಿ ಒಬ್ಬರು, ‘ಉರ್ದು ಮರ್‌ತೆ ಹೋಯ್ತಾ?’ ಎಂದು ಕೇಳುತ್ತಾರೆ. ಇಬ್ಬರ ತಲೆಯಲ್ಲೂ ಇರುವುದು ಒಂದೇ ಲೆಕ್ಕ. ಒಂದು ಭಾಷೆ ಜಮಾ ಆದರೆ ಇನ್ನೊಂದು ಖರ್ಚಾಗಬೇಕು ಎಂಬ ಲೆಕ್ಕ. ಈ ಲೆಕ್ಕ ತಪ್ಪು. ಲೋಸ್ ಲೋಬೋಸ್‌ನ ಐವತ್ತು ವರ್ಷ ಅದನ್ನೇ ತೋರಿಸುತ್ತದೆ.

ನಮ್ಮ ನೆಲದ ಚರಿತ್ರೆಯೂ ಅದನ್ನೇ ಹೇಳುತ್ತದೆ. ದಖನಿ ಬೇರೆ ಎಲ್ಲಿಂದಲೋ ಸಿದ್ಧವಾಗಿ ಬಂದಿಳಿದ ಭಾಷೆಯಲ್ಲ. ಅದು ಬೆಳೆದ ಊರುಗಳಲ್ಲಿ ಕಲಬುರಗಿ, ಬೀದರ್, ವಿಜಯಪುರ ಇವೆ. ವಿಜಯಪುರದ ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್ ಶಾಹ ‘ಕಿತಾಬ್-ಎ-ನೌರಸ್’ ಎಂಬ ಹಾಡುಗಳ ಪುಸ್ತಕ ಬರೆದದ್ದು ದಖನಿಯಲ್ಲೇ. ರಾಜನೊಬ್ಬ ಬರೆದ ಭಾಷೆಯನ್ನು ನಾವು ಬಸ್ಸಿನಲ್ಲಿ ಫೋನ್ ಬಂದಾಗ ದನಿ ತಗ್ಗಿಸಿ ಮಾತಾಡುತ್ತೇವೆ.

‘ಕೆಲಸ ಸಿಗಲು ಇಂಗ್ಲಿಷ್ ಸಾಕು, ಉಳಿದದ್ದೆಲ್ಲ ಸಮಯ ಹಾಳು’ ಎನ್ನುವ ಗೆಳೆಯರೂ ನನಗಿದ್ದಾರೆ. ಇಂಗ್ಲಿಷ್ ಬೇಕು, ಇಲ್ಲ ಎನ್ನುವುದಿಲ್ಲ. ಆದರೆ ಲಾಸ್ ಏಂಜಲೀಸ್‌ನಲ್ಲಿ ಇಂಗ್ಲಿಷ್ ರಾಕ್ ನುಡಿಸುವ ತಂಡಗಳು ಸಾವಿರ ಇದ್ದವು. ಸಾವಿರದಲ್ಲಿ ಈ ನಾಲ್ವರನ್ನು ಬೇರೆಯಾಗಿ ಕಾಣಿಸಿದ್ದು ಅವರ ಅಜ್ಜಿಯರ ಹಾಡು. ಎಲ್ಲರ ಹತ್ತಿರ ಇರುವ ಸರಕಿಗೆ ಬೆಲೆ ಕಡಿಮೆ ಎಂದು ನಮಗೆ ಅರ್ಥಶಾಸ್ತ್ರದ ಪಾಠದಲ್ಲೇ ಹೇಳಿಕೊಟ್ಟಿದ್ದಾರೆ. ಬೆಲೆಯ ಮಾತು ಬಿಟ್ಟರೂ, ದಾದಿ ಹೇಳುವ ಗಾದೆ ಅರ್ಥವಾಗದ ಮೊಮ್ಮಗಳು ಎಷ್ಟು ಸಂಬಳ ತಂದರೂ ಆ ಮನೆಯಲ್ಲಿ ಏನೋ ಒಂದು ಕಡಿಮೆಯಾಗಿರುತ್ತದೆ.

ಆದ್ದರಿಂದ ನನ್ನದೊಂದು ಸಲಹೆ. ನಮ್ಮ ಕಾಲೇಜಿನಲ್ಲಿ ಉರ್ದು ಮಾತಾಡುವವರು ಬಹಳ. ಅವರಲ್ಲಿ ಓದಲು ಬರೆಯಲು ಬರುವವರು ಕಡಿಮೆ. ಕನ್ನಡ, ತಮಿಳು, ತೆಲುಗು ಮನೆಮಾತಿನವರೂ ನಮ್ಮ ಬೆಂಚಿನಲ್ಲೇ ಕೂರುತ್ತಾರೆ. ಈ ಪತ್ರಿಕೆಯ ಪ್ರತಿ ಸಂಚಿಕೆಯಲ್ಲಿ ಅರ್ಧ ಪುಟ ಕೊಡಿ. ಒಬ್ಬ ವಿದ್ಯಾರ್ಥಿ ತನ್ನ ಮನೆಯ ಹಿರಿಯರ ಹತ್ತಿರ ಕೂತು ಒಂದು ಗಾದೆ, ಒಂದು ಕಥೆ ಅಥವಾ ಒಂದು ಅಡುಗೆಯ ಮಾತು ಕೇಳಿ ಬರೆದು ತರಲಿ. ಮನೆಮಾತಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ. ವರ್ಷದ ಕೊನೆಗೆ ನಮ್ಮ ಹತ್ತಿರ ಏನು ಆಸ್ತಿ ಇದೆ ಎಂದು ನಮಗೇ ಗೊತ್ತಾಗುತ್ತದೆ.

ಬ್ಯಾಲೆನ್ಸ್ ಶೀಟಿನಲ್ಲಿ ಮನೆಮಾತನ್ನು ಹೊಣೆಗಾರಿಕೆಯ ಕಡೆ ಬರೆಯುವವರು ಇದ್ದೇ ಇರುತ್ತಾರೆ. ಅದನ್ನು ಆಸ್ತಿಯ ಕಡೆ ಬರೆಯುವ ಕೆಲಸ ನಮ್ಮದು. ಪೆನ್ನು ನಮ್ಮ ಕೈಯಲ್ಲಿದೆ. ಮೊದಲ ಸಂಚಿಕೆಗೆ ನಮ್ಮ ದಾದಿಯ ಗಾದೆಯನ್ನು ನಾನೇ ತರುತ್ತೇನೆ. ಎರಡನೆಯದನ್ನು ಯಾರು ತರುತ್ತೀರಿ?